ಸಿಕ್ಕಿದ ಹಳೇ ವಸ್ತು ಅಸಲಿಯೋ ನಕಲಿಯೋ: ಪದೇ ಪದೇ ಕೇಳುವ ಪ್ರಶ್ನೆಗಳು

ನೆಲ ಅಗೆಯುವಾಗ, ಹೊಳೆ ದಂಡೆಯಲ್ಲಿ, ಅಟ್ಟದ ಮೂಲೆಯಲ್ಲಿ, ಗುಜರಿ ರಾಶಿಯಲ್ಲಿ ಏನೋ ಒಂದು ಸಿಗುತ್ತದೆ. ಸಿಕ್ಕಿದವರು ಅದನ್ನು ಅಂಗೈ ಮೇಲಿಟ್ಟು ಕೇಳುವ ಮೊದಲ ಮಾತು, "ಇದು ಒರಿಜಿನಲ್ಲಾ?" ಪತ್ರಗಳಲ್ಲಿ, ಮಾತುಕತೆಯಲ್ಲಿ, ಮೆಸೇಜುಗಳಲ್ಲಿ ತಿರುಗಿ ತಿರುಗಿ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ನನ್ನದೊಂದು ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ: ಸಿಕ್ಕಿದ ವಸ್ತುಗಳಲ್ಲಿ ಮೋಸಕ್ಕೆ ಮಾಡಿದ್ದು ಕಡಿಮೆ, ನಾವೇ ತಪ್ಪಾಗಿ ಗುರುತಿಸಿದ್ದು ಜಾಸ್ತಿ.

## ಮೊದಮೊದಲ ಪ್ರಶ್ನೆಗಳು

ನೆಲದೊಳಗೆ ಸಿಕ್ಕಿದ್ದು. ಅಂದ ಮೇಲೆ ಹಳೇದೇ ಆಗಿರಬೇಕಲ್ವಾ?

ನೆಲಕ್ಕೆ ಬೀಳೋದಕ್ಕೆ ಒಂದು ಕ್ಷಣ ಸಾಕು. ಮಗುವಿನ ಆಟಿಕೆ, ಚೀಲದ ಬಕಲ್, ನಾಟಕದ ಆಭರಣ, ಎಲ್ಲವೂ ಮಣ್ಣು ಸೇರುತ್ತವೆ. ಆಳವನ್ನೂ ನಂಬುವ ಹಾಗಿಲ್ಲ. ಉಳುಮೆ ಮಣ್ಣನ್ನು ಮಗುಚುತ್ತದೆ, ಇಲಿ ಹೆಗ್ಗಣ ಬಿಲ ತೋಡುತ್ತವೆ, ಬೇರೆಲ್ಲಿಂದಲೋ ಲಾರಿಯಲ್ಲಿ ತಂದು ಸುರಿದ ಮಣ್ಣೂ ಇರುತ್ತದೆ.

ನೋಟವೂ ಮೋಸ ಮಾಡುತ್ತದೆ. ಉಪ್ಪು ನೀರಿನ ತೇವದಲ್ಲಿ ಬಿದ್ದ ಕಬ್ಬಿಣ ಕೆಲವೇ ವರ್ಷಗಳಲ್ಲಿ ಸಾವಿರ ವರ್ಷದ್ದರ ಹಾಗೆ ಕಾಣುತ್ತದೆ. ಅಪ್ಪಟ ಚಿನ್ನ ಎರಡು ಸಾವಿರ ವರ್ಷ ಮಣ್ಣಲ್ಲಿದ್ದರೂ ನಿನ್ನೆ ಮಾಡಿದ ಹಾಗೆ ಎದ್ದು ಬರುತ್ತದೆ. ಹೊರಗಿನ ರೂಪ ಹೇಳುವುದು ಮಣ್ಣಿನ ಗುಣವನ್ನು, ವಸ್ತುವಿನ ವಯಸ್ಸನ್ನಲ್ಲ. ಅದರ ಜೊತೆ ಇನ್ನೇನು ಸಿಕ್ಕಿತು ಅನ್ನೋದು ಇದಕ್ಕಿಂತ ದೊಡ್ಡ ಸುಳಿವು. "ಪುರಾತನ" ಉಂಗುರದ ಕೆಳಗೆ ಪ್ಲಾಸ್ಟಿಕ್ ಚೂರು ಇದ್ದರೆ ಉಂಗುರ ಅಲ್ಲಿಗೆ ಬಂದದ್ದು ಪ್ಲಾಸ್ಟಿಕ್ ಬಂದ ಮೇಲೆ.

ಅಸಲಿ ಅಲ್ಲ ಅಂದ್ರೆ ನಕಲಿ ಅಂತಲೇ ತಾನೇ?

ಅಲ್ಲ. ಈ ಎರಡರ ನಡುವೆ ಬೇಕಾದಷ್ಟು ಜಾಗ ಇದೆ. ಮ್ಯೂಸಿಯಂ ಅಂಗಡಿಯ ಪ್ರತಿಕೃತಿ, ಪ್ರವಾಸಿಗರ ನೆನಪಿನ ಕಾಣಿಕೆ, ನಾಟಕದ ಸಾಮಾನು, ಸ್ಪರ್ಧೆಯ ಪದಕ ಇವೆಲ್ಲ ಯಾರನ್ನೂ ಮೋಸ ಮಾಡಲು ಹುಟ್ಟಿದವಲ್ಲ. 19ನೇ ಶತಮಾನದಲ್ಲಿ ಬ್ರಿಟಿಷ್ ಮ್ಯೂಸಿಯಂಗಾಗಿ ರಾಬರ್ಟ್ ರೆಡಿ ಅನ್ನುವವರು ಹಳೆಯ ನಾಣ್ಯಗಳ ಪ್ರತಿಗಳನ್ನು ವಿದ್ಯುತ್ ಲೇಪನದಿಂದ ತಯಾರಿಸುತ್ತಿದ್ದರು. ಓದುವವರಿಗೆ ಅನುಕೂಲ ಆಗಲಿ ಅಂತ. ಎಷ್ಟೋ ಪ್ರತಿಗಳ ಅಂಚಿನಲ್ಲಿ 'ಆರ್‌ಆರ್' ಅನ್ನುವ ಗುರುತು ಕೂಡ ಇದೆ. ಕೈ ಬದಲಾಗಿ, ಗುರುತು ಸವೆದು, ಅಂಥದ್ದೊಂದು ಯಾರದೋ ಡ್ರಾಯರಿನಲ್ಲಿ ಸಿಕ್ಕರೆ ಅದನ್ನು ನಕಲಿ ಅನ್ನೋಣವೋ, 19ನೇ ಶತಮಾನದ ಅಸಲಿ ಪ್ರತಿ ಅನ್ನೋಣವೋ?

ಇದಲ್ಲದೆ ಜೋಡಿಸಿದ ವಸ್ತುಗಳಿವೆ: ಒಂದರ ಮುಚ್ಚಳ, ಇನ್ನೊಂದರ ಪಾತ್ರೆ, ಎರಡೂ ಹಳೆಯವೇ, ಆದರೆ ಒಟ್ಟಿಗೆ ಹುಟ್ಟಿದವಲ್ಲ. ತಿದ್ದಿದವೂ ಇವೆ: ಸಾಧಾರಣ ನಾಣ್ಯದ ಇಸವಿಯ ಒಂದು ಅಂಕಿ ಕೆತ್ತಿ ಅಪರೂಪದ್ದು ಮಾಡಿರುತ್ತಾರೆ. ಎಂದೂ ಇಲ್ಲದ್ದನ್ನು ಹುಟ್ಟಿಸಿದವೂ ಇವೆ. ಈಸ್ಟ್ ಇಂಡಿಯಾ ಕಂಪನಿಯ ಹೆಸರು, ದೇವರ ಚಿತ್ರ, 1616 ಅಥವಾ 1717 ಅಥವಾ 1818 ಎಂಬ ಇಸವಿ ಇರುವ ಬಿಲ್ಲೆಗಳನ್ನು ನೀವೂ ನೋಡಿರಬಹುದು. ಅಂಥ ನಾಣ್ಯವನ್ನು ಕಂಪನಿ ಎಂದೂ ಹೊರಡಿಸಿರಲಿಲ್ಲ. ಅಸಲಿಯೇ ಇಲ್ಲದ ಮೇಲೆ ಅದನ್ನು ನಕಲು ಅನ್ನುವುದಕ್ಕೂ ಬರುವುದಿಲ್ಲ.

ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಇದನ್ನು ಮಾಡಿದವನು ಇದನ್ನು ಏನು ಅಂತ ಹೇಳಿ ಮಾಡಿದ?

ಮೊದಲು ಚೆನ್ನಾಗಿ ತೊಳೆದು ಆಮೇಲೆ ತೋರಿಸಲಾ?

ದಯವಿಟ್ಟು ಬೇಡ. ನಾನು ಶುರು ಮಾಡಿದ ಹೊಸತರಲ್ಲಿ ಒಂದು ತಾಮ್ರದ ನಾಣ್ಯವನ್ನು ನಿಂಬೆ ರಸ, ಟೂತ್‌ಪೇಸ್ಟ್ ಹಾಕಿ ತಿಕ್ಕಿದೆ. ಹತ್ತು ನಿಮಿಷಕ್ಕೆ ಫಳಫಳ ಹೊಳೆಯಿತು. ಅಕ್ಷರ ಮಾತ್ರ ಹೊರಟುಹೋಗಿತ್ತು. ಅಕ್ಷರ ಉಳಿದಿದ್ದದ್ದು ಲೋಹದಲ್ಲಲ್ಲ, ಮೇಲೆ ಕಟ್ಟಿದ್ದ ಪದರದಲ್ಲಿ ಅಂತ ಆಮೇಲೆ ತಿಳಿಯಿತು. ಆ ಬಿಲ್ಲೆ ಈಗಲೂ ಇದೆ, ಏನು ಅಂತ ಯಾರಿಗೂ ಹೇಳಲಾಗುವುದಿಲ್ಲ.

ಸಡಿಲ ಮಣ್ಣನ್ನು ಮೆತ್ತನೆ ಬ್ರಷ್‌ನಲ್ಲಿ ಕೊಡವಿದರೆ ಸಾಕು. ಹುಳಿ, ತಂತಿ ಬ್ರಷ್, ಎಣ್ಣೆ, ಪಾಲಿಶ್ ಯಾವುದೂ ಬೇಡ. ಸಂದಿಯಲ್ಲಿ ಅಂಟಿದ ಮಣ್ಣೂ ಸಾಕ್ಷಿಯೇ. ಜರ್ಮನಿಯಲ್ಲಿ 1999ರಲ್ಲಿ ಕಳ್ಳತನದಿಂದ ಅಗೆದು ತೆಗೆದ ನೆಬ್ರಾ ತಟ್ಟೆ ಅನ್ನುವ ಪುರಾತನ ಕಂಚಿನ ತಟ್ಟೆಯ ವಿಷಯದಲ್ಲಿ, ಅದಕ್ಕೆ ಅಂಟಿದ್ದ ಮಣ್ಣು ಮತ್ತು ಸಿಕ್ಕಿದ ಗುಂಡಿಯ ಮಣ್ಣು ಹೊಂದುತ್ತದೆಯೇ ಅಂತ ಹೋಲಿಸಿ ನೋಡಿದರು. ತೊಳೆದುಬಿಟ್ಟಿದ್ದರೆ ಹೋಲಿಸೋಕೆ ಏನಿರುತ್ತಿತ್ತು?

ಫೋಟೋ ನೋಡಿ ಹೇಳೋಕಾಗುತ್ತಾ? ಎಂಥ ಫೋಟೋ ತೆಗೀಬೇಕು?

"ಖಂಡಿತ ಅಸಲಿ ಅಲ್ಲ" ಅಂತ ಫೋಟೋ ನೋಡಿ ಎಷ್ಟೋ ಸಲ ಹೇಳಬಹುದು. "ಖಂಡಿತ ಅಸಲಿ" ಅನ್ನೋದು ಕಷ್ಟ. ಮೊದಲನೆಯದಕ್ಕೆ ಒಂದು ತಪ್ಪು ಸಿಕ್ಕರೆ ಸಾಕು, ಎರಡನೆಯದಕ್ಕೆ ಎಲ್ಲವೂ ಸರಿ ಇರಬೇಕು.

ಹಗಲು ಬೆಳಕಲ್ಲಿ, ಫ್ಲಾಶ್ ಇಲ್ಲದೆ ತೆಗೆಯಿರಿ. ಬೆಳಕು ಒಂದು ಪಕ್ಕದಿಂದ ಬರಲಿ, ಆಗ ಉಬ್ಬು ತಗ್ಗು ಎದ್ದು ಕಾಣುತ್ತದೆ. ಮುಂದೆ, ಹಿಂದೆ, ಮತ್ತೆ ಅಂಚು. ಅಂಚನ್ನು ಎಲ್ಲರೂ ಮರೆಯುತ್ತಾರೆ, ನಾನು ಮೊದಲು ನೋಡೋದೇ ಅದನ್ನು. ಪಕ್ಕದಲ್ಲೊಂದು ಸ್ಕೇಲ್ ಇಡಿ. ತೂಕ ಗ್ರಾಂನಲ್ಲಿ, ಅಗಲ ಮಿಲಿಮೀಟರಿನಲ್ಲಿ ಬರೆಯಿರಿ. ಮಸುಕಾದ ಹನ್ನೆರಡು ಫೋಟೋಗಿಂತ ಸ್ಪಷ್ಟವಾದ ಮೂರು ಮೇಲು.

ತಲೆಮಾರುಗಳಿಂದ ಮನೇಲೇ ಇದೆ. ಅದಕ್ಕಿಂತ ಸಾಕ್ಷಿ ಬೇಕಾ?

ಬೇಕು. ಮನೆಯ ಕತೆಗಳು ಸುಳ್ಳಲ್ಲ, ಆದರೆ ಹೇಳ್ತಾ ಹೇಳ್ತಾ ಉದ್ದ ಆಗುತ್ತವೆ. ಅಜ್ಜ ಕೊಂಡು ತಂದದ್ದು ಎರಡು ತಲೆಮಾರು ದಾಟುವಷ್ಟರಲ್ಲಿ ಅಜ್ಜನ ಅಜ್ಜನದ್ದಾಗಿರುತ್ತದೆ.

ನಮ್ಮ ಮನೆಯಲ್ಲೇ ಒಂದು ಕತ್ತಿ ಇತ್ತು. ಯುದ್ಧ ಕಂಡ ಕತ್ತಿ ಅಂತ ಎಲ್ಲರೂ ನಂಬಿದ್ದೆವು. ಒಂದು ದಿನ ಹಿಡಿ ಅಲ್ಲಾಡುತ್ತಿತ್ತು ಅಂತ ಬಿಚ್ಚಿದೆ. ಒಳಗೆ ಪ್ಲಸ್ ತಲೆಯ ಸ್ಕ್ರೂ. ಆ ಬಗೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. "ಹಿಡಿ ಆಮೇಲೆ ಹಾಕಿಸಿರಬಹುದು" ಅಂದರು ಚಿಕ್ಕಪ್ಪ. ಮಾತು ನ್ಯಾಯವೇ, ರಿಪೇರಿ ಮಾಡಿಸಿದ ಮಾತ್ರಕ್ಕೆ ವಸ್ತು ಹೊಸದಾಗುವುದಿಲ್ಲ. ಆದರೆ ಅಲಗಿನ ಮೇಲೂ ಒಮ್ಮೆಯೂ ಸಾಣೆ ಹಿಡಿದ ಗುರುತಿರಲಿಲ್ಲ. ಅಂಚು ಹೆಬ್ಬೆರಳಿನಷ್ಟು ಮೊಂಡು. ಯುದ್ಧ ಅಲ್ಲ, ಯಾವುದೋ ರಂಗಮಂಚ ಕಂಡ ಕತ್ತಿ. ಚಿಕ್ಕಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಕತೆಯ ಜೊತೆ ಕಾಗದ ಹುಡುಕಿ. ಹಳೇ ಬಿಲ್ಲು, ಪತ್ರ, ಇಲ್ಲವೇ ಹಿನ್ನೆಲೆಯಲ್ಲಿ ಆ ವಸ್ತು ಕಾಣುವ ಒಂದು ಹಳೇ ಫೋಟೋ. ಮದುವೆ ಫೋಟೋದ ಮೂಲೆಯಲ್ಲಿ ಕಾಣುವ ಗಡಿಯಾರ ಹತ್ತು ಜನರ ನೆನಪಿಗಿಂತ ಗಟ್ಟಿ ಸಾಕ್ಷಿ.

## ಕೈಯಲ್ಲಿ ಹಿಡಿದು ನೋಡುವಾಗ

ಇಸವಿ ಅದರ ಮೇಲೇ ಬರೆದಿದೆಯಲ್ಲ, ಇನ್ನೇನು ಅನುಮಾನ?

ಅಲ್ಲಿರುವುದು ಕಂಪನಿ ಶುರುವಾದ ಇಸವಿ ಇರಬಹುದು, ಪೇಟೆಂಟ್ ಸಿಕ್ಕ ಇಸವಿ ಇರಬಹುದು, ಯಾವುದೋ ಘಟನೆಯ ನೆನಪಿನ ಇಸವಿ ಇರಬಹುದು.

ಇದಕ್ಕೆ ನನಗೆ ಇಷ್ಟದ ಉದಾಹರಣೆ ಮರಿಯಾ ಥೆರೇಸಾ ಥೇಲರ್ ಅನ್ನುವ ದೊಡ್ಡ ಬೆಳ್ಳಿ ನಾಣ್ಯ. ಆಸ್ಟ್ರಿಯಾದ ಆ ರಾಣಿ ತೀರಿಕೊಂಡದ್ದು 1780ರಲ್ಲಿ. ಈ ನಾಣ್ಯಕ್ಕೆ ದೂರದ ವ್ಯಾಪಾರದಲ್ಲಿ ಎಷ್ಟು ನಂಬಿಕೆ ಇತ್ತು ಅಂದರೆ, ಆಮೇಲೂ ಅದನ್ನು ಅದೇ ಇಸವಿ ಹಾಕಿಯೇ ಹೊಡೆಯುತ್ತಾ ಬಂದರು. ವಿಯೆನ್ನಾ, ರೋಮ್, ಲಂಡನ್ ಟಂಕಸಾಲೆಗಳಲ್ಲಿ ಹೊಡೆದರು, 1940ರ ಸುಮಾರಿಗೆ ಮುಂಬೈಯಲ್ಲೂ ಹೊಡೆದರು. ಎಲ್ಲದರ ಮೇಲೂ 1780. ನಿಮ್ಮ ಕೈಯಲ್ಲಿರುವುದು ಅಸಲಿ ಥೇಲರೇ ಆಗಿರಬಹುದು, ಸರಕಾರಿ ಟಂಕಸಾಲೆಯದ್ದೇ ಆಗಿರಬಹುದು, ಆದರೂ ನಿಮ್ಮ ತಂದೆಗಿಂತ ಚಿಕ್ಕ ವಯಸ್ಸಿನದ್ದಾಗಿರಬಹುದು.

ಇಸವಿ ಇಲ್ಲದ ಗುರುತುಗಳು ಕೆಲವು ಸಲ ಹೆಚ್ಚು ಹೇಳುತ್ತವೆ. ಆಮದಾಗುವ ಸಾಮಾನಿನ ಮೇಲೆ ಅದು ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಬೇಕು ಅಂತ ಅಮೆರಿಕ 1891ರಿಂದ ಕಡ್ಡಾಯ ಮಾಡಿತು. ಪಿಂಗಾಣಿ ತಟ್ಟೆಯ ಅಡಿಯಲ್ಲಿ ದೇಶದ ಹೆಸರು ಇಂಗ್ಲಿಷಿನಲ್ಲಿದ್ದರೆ, "ಮುನ್ನೂರು ವರ್ಷದ್ದು" ಅನ್ನುವ ಮಾತನ್ನು ಮೆಲ್ಲಗೆ ಪಕ್ಕಕ್ಕಿಡಿ.

ಹಸಿರು ಕಿಲುಬು ದಪ್ಪಗೆ ಕಟ್ಟಿದೆ. ಅದು ಹಳೇದರ ಗುರುತಲ್ವಾ?

ಕಿಲುಬಿಗೂ ಬಣ್ಣಕ್ಕೂ ವ್ಯತ್ಯಾಸ ಇದೆ. ತಾಮ್ರ, ಕಂಚು ಮಣ್ಣಲ್ಲಿ ನಿಧಾನಕ್ಕೆ ಬದಲಾಗುವಾಗ ಪದರ ಪದರವಾಗಿ ಬದಲಾಗುತ್ತದೆ. ಲೋಹಕ್ಕೆ ತಾಗಿದಂತೆ ಕೆಂಪು ಬಣ್ಣದ ಕ್ಯುಪ್ರೈಟ್, ಅದರ ಮೇಲೆ ಹಸಿರು ಮ್ಯಾಲಕೈಟ್. ಇದು ಲೋಹದೊಳಗಿಂದ ಬೆಳೆದದ್ದು, ಉಗುರಿಗೆ ಏಳುವುದಿಲ್ಲ. ಆಸಿಡ್, ಉಪ್ಪು, ಅಮೋನಿಯಾ ಹಾಕಿ ಆತುರಕ್ಕೆ ಬರಿಸಿದ ಹಸಿರು ಮೇಲೆ ಕೂತಿರುತ್ತದೆ. ಒಂದೇ ಬಣ್ಣ, ಒಂದೇ ದಪ್ಪ. ಚೂರು ಎದ್ದರೆ ಕೆಳಗೆ ಹೊಚ್ಚ ಹೊಸ ಲೋಹ ಮಿಂಚುತ್ತದೆ, ನಡುವೆ ಕೆಂಪು ಪದರ ಇರುವುದಿಲ್ಲ.

ಕಾಣದ ಮೂಲೆಯಲ್ಲಿ ಹತ್ತಿಗೆ ಸ್ವಲ್ಪ ಅಸಿಟೋನ್ ಹಾಕಿ ಒತ್ತಿ ನೋಡಬಹುದು. ಹತ್ತಿ ಹಸಿರಾದರೆ ಅದು ಅಂಟು ಬೆರೆಸಿ ಬಳಿದ ಬಣ್ಣ. ಹತ್ತಿ ಬೆಳ್ಳಗೇ ಉಳಿದರೆ ಗೆದ್ದಿರಿ ಅಂತಲ್ಲ, ಆಸಿಡ್ಡಿನಿಂದ ಬಂದ ಹಸಿರು ಅಸಿಟೋನಿಗೆ ಕರಗುವುದಿಲ್ಲ.

ಒಂದು ಎಚ್ಚರಿಕೆ. ತಿಳಿ ಹಸಿರು ಪುಡಿ ಚುಕ್ಕಿ ಚುಕ್ಕಿಯಾಗಿ ಏಳುತ್ತಿದ್ದು, ಒರೆಸಿದರೂ ಮತ್ತೆ ಬರುತ್ತಿದ್ದರೆ ಅದು 'ಬ್ರಾಂಜ್ ಡಿಸೀಸ್'. ಕ್ಲೋರೈಡ್ ಒಳಗೆ ಸೇರಿ, ತೇವ ಸಿಕ್ಕಿದಾಗಲೆಲ್ಲ ಲೋಹವನ್ನು ತಿನ್ನುತ್ತಿರುತ್ತದೆ. ಅದನ್ನು ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಣಗಿದ ಕಡೆ ಇಡಿ. ಅಸಲಿ ನಕಲಿ ಆಮೇಲೆ ನೋಡೋಣ.

ಆಯಸ್ಕಾಂತ ಅಂಟಲಿಲ್ಲ. ಹಾಗಾದ್ರೆ ಬೆಳ್ಳಿನೇ?

ಆಯಸ್ಕಾಂತ ಅಂಟಿದರೆ ಬೆಳ್ಳಿ ಅಲ್ಲ ಅಂತ ಹೇಳಬಹುದು. ಅಂಟದಿದ್ದರೆ ಏನೂ ಹೇಳಿದಂತಾಗುವುದಿಲ್ಲ. ತಾಮ್ರ, ಹಿತ್ತಾಳೆ, ಸೀಸ, ತವರ, ಅಲ್ಯೂಮಿನಿಯಂ ಯಾವುದೂ ಅಂಟುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಇದಕ್ಕಿಂತ ಒಳ್ಳೆ ಪರೀಕ್ಷೆ ಸಾಂದ್ರತೆಯದ್ದು. ದಶಾಂಶ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಮೊದಲು ವಸ್ತುವನ್ನು ಹಾಗೇ ತೂಗಿ: 24.6 ಗ್ರಾಂ ಅಂತಿಟ್ಟುಕೊಳ್ಳಿ. ಈಗ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ವಸ್ತುವನ್ನು ತೆಳ್ಳನೆ ದಾರಕ್ಕೆ ಕಟ್ಟಿ ನೀರಿಗೆ ಇಳಿಬಿಡಿ. ಪೂರ್ತಿ ಮುಳುಗಬೇಕು, ತಳಕ್ಕೂ ಬದಿಗೂ ತಾಗಬಾರದು, ಮೈಗೆ ಗುಳ್ಳೆ ಅಂಟಿರಬಾರದು. ದಾರ ನಿಮ್ಮ ಕೈಯಲ್ಲೇ ಇದ್ದರೂ ತಕ್ಕಡಿಯ ಅಂಕಿ ಏರುತ್ತದೆ. 2.9 ಬಂತು ಅನ್ನಿ. 24.6ನ್ನು 2.9ರಿಂದ ಭಾಗಿಸಿದರೆ ಸುಮಾರು 8.5. ಬೆಳ್ಳಿ 10.5 ಇರಬೇಕು, ತಾಮ್ರ 8.96, ಹಿತ್ತಾಳೆ ಸುಮಾರು 8.5. ನಿಮ್ಮದು ಬೆಳ್ಳಿ ಗಿಲೀಟು ಹಾಕಿದ ಹಿತ್ತಾಳೆ ಇರಬೇಕು.

ಒಳಗೆ ಟೊಳ್ಳಿದ್ದರೆ, ಕಲ್ಲು ಕೂರಿಸಿದ್ದರೆ ಈ ಲೆಕ್ಕ ಕೈಕೊಡುತ್ತದೆ. ಚಿನ್ನದ ವಿಷಯದಲ್ಲಿ ಇನ್ನೊಂದು ತಲೆನೋವು: ಚಿನ್ನ 19.3, ಟಂಗ್‌ಸ್ಟನ್ 19.25. ಮೋಸಗಾರರಿಗೂ ಇದು ಗೊತ್ತು. ಮಣ್ಣಿನಿಂದ ಈಗಷ್ಟೇ ತೆಗೆದದ್ದನ್ನು, ಪದರ ಉದುರುತ್ತಿರುವುದನ್ನು ನೀರಿಗೆ ಹಾಕಬೇಡಿ.

ಎರಕ ಹೊಯ್ದದ್ದೋ ಅಚ್ಚು ಹೊಡೆದದ್ದೋ ಹೇಗೆ ಗೊತ್ತಾಗುತ್ತೆ?

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಚ್ಚು ಹೊಡೆದ ನಾಣ್ಯದಲ್ಲಿ ಅಕ್ಷರದ ಬುಡ ಚೂಪು, ಲೋಹ ಏಟಿಗೆ ಹರಿದ ಸಣ್ಣ ಗೆರೆಗಳು ನಡುವಿನಿಂದ ಅಂಚಿನ ಕಡೆ ಹೋಗಿರುತ್ತವೆ. ಎರಕದಲ್ಲಿ ಅಕ್ಷರ ಸಾಬೂನಿನ ಹಾಗೆ ನುಣುಪು, ಮೈಮೇಲೆ ಗುಳ್ಳೆಯ ಸಣ್ಣ ಗುಳಿಗಳು, ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ. ಗೆರೆ ಕಾಣಬಾರದು ಅಂತ ಅರದಿಂದ ಉಜ್ಜಿದ್ದರೆ ಆ ಗೀರುಗಳು. ಅಸಲಿಯ ಮೇಲೆ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ತಣಿಯುವಾಗ ಕುಗ್ಗುತ್ತದೆ, ಹಾಗಾಗಿ ಪ್ರತಿ ಕೂದಲೆಳೆಯಷ್ಟು ಚಿಕ್ಕದಾಗಿರುತ್ತದೆ. ಎರಡು "ಪುರಾತನ" ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು, ಒಂದೇ ಕಚ್ಚು ಇದ್ದರೆ ಎರಡೂ ಒಂದೇ ಅಚ್ಚಿನ ಮಕ್ಕಳು.

ಆದರೆ "ಎರಕ, ಹಾಗಾಗಿ ನಕಲಿ" ಅಂತ ಹಾರಬೇಡಿ. ಚೀನಾದ ನಡುವೆ ಚೌಕ ತೂತಿರುವ ನಾಣ್ಯಗಳನ್ನು ಎರಡು ಸಾವಿರ ವರ್ಷ ಎರಕ ಹೊಯ್ದೇ ಮಾಡಿದ್ದಾರೆ. ಅಂಥದ್ದರಲ್ಲಿ ಅಚ್ಚು ಹೊಡೆದ ಲಕ್ಷಣ ಕಂಡರೇ ಅನುಮಾನ ಪಡಬೇಕು. ಆ ಕಾಲದಲ್ಲಿ ಆ ವಸ್ತುವನ್ನು ಹೇಗೆ ಮಾಡುತ್ತಿದ್ದರು ಅಂತ ಮೊದಲು ತಿಳಿದಿರಬೇಕು, ಭೂತಗನ್ನಡಿ ಆಮೇಲೆ.

ಏನೋ ಲಿಪಿ ಇದೆ. ಯಾರಿಗೂ ಓದೋಕಾಗ್ತಿಲ್ಲ. ಅಷ್ಟು ಅಪರೂಪದ್ದಾ?

ಇರಬಹುದು. ಬರೆದವನಿಗೇ ಓದಲು ಬರುತ್ತಿರಲಿಲ್ಲ ಅನ್ನೋ ಸಾಧ್ಯತೆಯೂ ಇದೆ.

ಲಂಡನ್ನಿನಲ್ಲಿ 1857ರ ಸುಮಾರಿಗೆ ವಿಲಿಯಂ ಸ್ಮಿತ್, ಚಾರ್ಲ್ಸ್ ಈಟನ್ ಅಂತ ಇಬ್ಬರಿದ್ದರು. ಥೇಮ್ಸ್ ನದಿಯ ಕೆಸರಿನಲ್ಲಿ ಸಿಕ್ಕಿದ ಹಳೇ ಸಾಮಾನು ಮಾರಿ ಬದುಕುತ್ತಿದ್ದರು. ಸಿಗುವುದು ಸಾಲದಾದಾಗ ತಾವೇ ಮಾಡಲು ಶುರು ಮಾಡಿದರು. ಸೀಸ ಬೆರೆತ ಲೋಹವನ್ನು ಕರಗಿಸಿ ಎರಕ ಹೊಯ್ದು, ಆಸಿಡ್ಡಿನಲ್ಲಿ ಅದ್ದಿ, ಮಧ್ಯಯುಗದ ಯಾತ್ರಿಕರ ಬಿಲ್ಲೆಗಳು ಅಂತ ಸಾವಿರಗಟ್ಟಲೆ ಹೊರತಂದರು. ಇಬ್ಬರಿಗೂ ಓದು ಬರಹ ಬರುತ್ತಿರಲಿಲ್ಲ. ಅಕ್ಷರದ ಹಾಗೆ ಕಾಣುವ ಗೀಚು ಹಾಕಿದರು. ಜೊತೆಗೆ 11ನೇ ಶತಮಾನದ ಇಸವಿಗಳನ್ನು ಇಂದಿನ ಅಂಕಿಗಳಲ್ಲಿ ಬರೆದರು. ಆ ಅಂಕಿಗಳು ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು ಎಷ್ಟೋ ಕಾಲದ ಮೇಲೆ. ಇಷ್ಟಿದ್ದರೂ ಬಲ್ಲವರು ಅಂತ ಹೆಸರು ಮಾಡಿದ ಕೆಲವರೇ ನಂಬಿದ್ದರು. ತಮಾಷೆ ಅಂದರೆ ಆ ಬಿಲ್ಲೆಗಳನ್ನು ಇವತ್ತು ಆ ಇಬ್ಬರ ಹೆಸರಲ್ಲೇ ಸಂಗ್ರಹಿಸುವವರಿದ್ದಾರೆ.

ಓದಲಾಗದ ಬರಹ ಕಂಡರೆ ನಾನು ನೋಡುವುದು ಕೈಯನ್ನು. ಬರೆದು ಅಭ್ಯಾಸ ಇದ್ದವನ ಅಕ್ಷರದಲ್ಲಿ ಒಂದು ಓಟ ಇರುತ್ತದೆ, ಒಂದೇ ಅಕ್ಷರ ಎರಡನೇ ಸಲ ಬಂದಾಗ ಅದೇ ಕ್ರಮದಲ್ಲಿ ಬರುತ್ತದೆ. ನೋಡಿ ನಕಲು ಮಾಡಿದವನು ಚಿತ್ರ ಬಿಡಿಸಿರುತ್ತಾನೆ.

ಮರದ ಪೆಟ್ಟಿಗೆ. ಹುಳು ಕೊರೆದ ತೂತುಗಳಿವೆ. ಹಳೇದು ತಾನೇ?

ಮರ ಹಳೇದಿರಬಹುದು, ಪೆಟ್ಟಿಗೆ? ಹಳೇ ಬಾಗಿಲು ಕಡಿದು ಹೊಸ ಪೆಟ್ಟಿಗೆ ಮಾಡುವುದು ಕಷ್ಟದ ಕೆಲಸವಲ್ಲ. ಹುಳು ಮರದೊಳಗೆ ಅಂಕುಡೊಂಕಾಗಿ ಓಡಾಡಿ, ಹೊರಬರುವಾಗ ಮಾತ್ರ ದುಂಡನೆ ತೂತು ಬಿಡುತ್ತದೆ. ಮೇಲ್ಮೈಯಲ್ಲಿ ಉದ್ದುದ್ದ ಕಾಲುವೆಯ ಹಾಗೆ ಕಂಡರೆ, ಹುಳು ತಿಂದಾದ ಮೇಲೆ ಮರವನ್ನು ಕೊಯ್ದಿದ್ದಾರೆ ಅಂತ ಅರ್ಥ. ತಂತಿ ಚುಚ್ಚಿದಾಗ ನೇರವಾಗಿ ಒಳಗೆ ಹೋಗಿ ನಿಂತರೆ ಡ್ರಿಲ್ಲಿನ ತೂತು.

ಯಾರೂ ನೋಡದ ಕಡೆ ನೋಡಿ: ಡ್ರಾಯರಿನ ಅಡಿ, ಹಿಂಬದಿ ಹಲಗೆ. ಕಮಾನಿನ ಹಾಗೆ ಬಾಗಿದ ಗೀರುಗಳಿದ್ದರೆ ಚಕ್ರದ ಗರಗಸದಿಂದ ಕೊಯ್ದದ್ದು, ಅದು 19ನೇ ಶತಮಾನದಲ್ಲಿ ಹರಡಿದ ಯಂತ್ರ. ಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಅಲ್ಲವೇ ಅಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ನಿಜಕ್ಕೂ ಹಳೇದಾದ ದುಂಡು ಮೇಜನ್ನು ಎರಡು ಕಡೆಯಿಂದ ಅಳೆದರೆ ಪೂರ್ತಿ ದುಂಡಗಿರುವುದಿಲ್ಲ. ಟೇಪ್ ಹಿಡಿದರೆ ಒಂದು ನಿಮಿಷದ ಕೆಲಸ.

ಹಳೇ ಪತ್ರ, ನಕ್ಷೆ ಸಿಕ್ಕಿದೆ. ಅದನ್ನು ಹೇಗೆ ನೋಡೋದು?

ಭೂತಗನ್ನಡಿಯಲ್ಲಿ ಬಣ್ಣ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದರೆ ಯಂತ್ರದ ಮುದ್ರಣ, ಕೈಬರಹ ಅಲ್ಲ. ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಹಾಕಿ. ಕಾಗದ ನೀಲಿ ಬಿಳುಪಾಗಿ ಹೊಳೆದರೆ ಅದರಲ್ಲಿ ಬೆಳ್ಳಗೆ ಕಾಣಿಸುವ ರಾಸಾಯನಿಕ ಇದೆ. ಅದನ್ನು ಕಾಗದಕ್ಕೆ ಸೇರಿಸಲು ಶುರು ಮಾಡಿದ್ದು 1950ರ ಆಸುಪಾಸಿನಲ್ಲಿ. ಚಹಾ ಬಣ್ಣ ಹಾಕಿ ಹಳದಿ ಮಾಡಿದ್ದರೆ ಕಲೆ ಮಡಿಕೆಗಳಲ್ಲಿ ಗಟ್ಟಿಯಾಗಿ ನಿಂತಿರುತ್ತದೆ.

## ಅನುಮಾನ ಗಟ್ಟಿಯಾದ ಮೇಲೆ

ಲ್ಯಾಬಿಗೆ ಕೊಟ್ರೆ ಒಂದೇ ಏಟಿಗೆ ಗೊತ್ತಾಗಲ್ವಾ?

ಲ್ಯಾಬು ನೀವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಕಾರ್ಬನ್-14 ಹೇಳುವುದು ಮರವೋ ಚರ್ಮವೋ ಜೀವ ಬಿಟ್ಟ ಕಾಲವನ್ನು, ಅದರ ಮೇಲೆ ಕೆತ್ತಿದ ಕಾಲವನ್ನಲ್ಲ. ಕಲ್ಲಿಗೂ ಲೋಹಕ್ಕೂ ಅದು ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ಥರ್ಮೊಲ್ಯೂಮಿನೆಸೆನ್ಸ್ ಹೇಳುವುದು ಮಡಕೆ ಕೊನೆಯ ಸಲ ಬೆಂಕಿ ಕಂಡದ್ದು ಯಾವಾಗ ಅಂತ. ಹಳೇ ಚೂರಿನ ತಳಕ್ಕೆ ಹೊಸ ಮೈ ಅಂಟಿಸಿ, ತಳದಿಂದ ಪುಡಿ ತೆಗೆದರೆ ಅದೂ ಹಳೇದೇ ಅನ್ನುತ್ತದೆ. ಎಕ್ಸ್-ಕಿರಣ ಬಿಟ್ಟು ಯಾವ ಲೋಹ ಅಂತ ಹೇಳುವ ಎಕ್ಸ್‌ಆರ್‌ಎಫ್ ಯಂತ್ರ ಮೇಲ್ಮೈಯನ್ನಷ್ಟೇ ಓದುತ್ತದೆ. ಗಿಲೀಟು ದಪ್ಪಗಿದ್ದರೆ ಗಿಲೀಟನ್ನೇ ಓದುತ್ತದೆ.

ವಿನ್‌ಲ್ಯಾಂಡ್ ನಕ್ಷೆಯ ಕತೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಕೊಲಂಬಸ್‌ಗೂ ಮೊದಲೇ ಅಮೆರಿಕದ ಕರಾವಳಿ ತೋರಿಸಿದ ನಕ್ಷೆ ಅಂತ ಯೇಲ್ ವಿಶ್ವವಿದ್ಯಾಲಯ 1965ರಲ್ಲಿ ಪ್ರಕಟಿಸಿತು. ಚರ್ಮದ ಹಾಳೆಯ ಕಾರ್ಬನ್ ಪರೀಕ್ಷೆ ಮಾಡಿದರೆ 15ನೇ ಶತಮಾನ ಅಂತಲೇ ಬಂತು. ಹಾಳೆ ಅಸಲಿ. ಆದರೆ ಶಾಯಿಯಲ್ಲಿ ಟೈಟಾನಿಯಂ ಡೈಆಕ್ಸೈಡ್ ಇತ್ತು, ಅದು 20ನೇ ಶತಮಾನದ ಬಣ್ಣ. ನಕ್ಷೆ ನಕಲಿ ಅಂತ 2021ರಲ್ಲಿ ಯೇಲ್ ತಾನೇ ಹೇಳಿತು.

ದೊಡ್ಡ ತಜ್ಞರೇ ಅಸಲಿ ಅಂದಿದ್ದಾರೆ. ನೀವು ಯಾರು ಹೇಳೋಕೆ?

ನಾನು ಯಾರೂ ಅಲ್ಲ, ನಿಜ. ಆದರೆ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ 1896ರಲ್ಲಿ ಒಂದು ಚಿನ್ನದ ಕಿರೀಟವನ್ನು ಕ್ರಿಸ್ತಪೂರ್ವದ ಗ್ರೀಕರದ್ದು ಅಂತ 2 ಲಕ್ಷ ಫ್ರಾಂಕಿಗೆ ಕೊಂಡಿತು. ಅನುಮಾನ ಹೇಳಿದವರ ಮಾತು ತಳ್ಳಿಹಾಕಿದರು. 1903ರಲ್ಲಿ ಒಡೆಸ್ಸಾದ ಅಕ್ಕಸಾಲಿಗ ಇಸ್ರಾಯಲ್ ರುಖೊಮೊವ್‌ಸ್ಕಿ ಪ್ಯಾರಿಸ್ಸಿಗೆ ಬಂದು, ಅದನ್ನು ಮಾಡಿದ್ದು ತಾನೇ ಅಂದ. ನಂಬದವರ ಎದುರು ಕೂತು ಕಿರೀಟದ ಒಂದು ಭಾಗವನ್ನು ಮತ್ತೆ ಮಾಡಿ ತೋರಿಸಿದ. ಅವನಿಗೆ ಮೋಸದ ಗಂಧವೇ ಇರಲಿಲ್ಲ, ಯಾರೋ ಉಡುಗೊರೆಗೆ ಬೇಕು ಅಂತ ಮಾಡಿಸಿಕೊಂಡಿದ್ದರು.

ತಜ್ಞರ ಅಭಿಪ್ರಾಯಕ್ಕೆ ಬೆಲೆ ಇದೆ. "ಯಾಕೆ" ಅನ್ನುವುದಕ್ಕೆ ಅವರು ಕೊಡುವ ಕಾರಣಕ್ಕೆ ಬೆಲೆ ಇನ್ನೂ ಜಾಸ್ತಿ. ವಸ್ತುವನ್ನು ಮಾರುವವರೇ ಕೊಟ್ಟ ಪ್ರಮಾಣಪತ್ರಕ್ಕೆ ನಾನು ಕಿಮ್ಮತ್ತು ಕೊಡುವುದಿಲ್ಲ.

ಅದು ಮಣ್ಣಿಂದ ಎದ್ದು ಬಂದದ್ದನ್ನ ಕಣ್ಣಾರೆ ನೋಡಿದ್ದೀನಿ. ಇನ್ನೂ ಅನುಮಾನವಾ?

ನೀವು ನೋಡಿದ್ದು ಹೊರಬಂದದ್ದನ್ನು. ಒಳಗೆ ಹೋದದ್ದನ್ನು ನೋಡಿಲ್ಲ ಅಲ್ವಾ? ಜಪಾನಿನಲ್ಲಿ ಶಿನಿಚಿ ಫುಜಿಮುರ ಎಲ್ಲಿ ಅಗೆದರೂ ಲಕ್ಷಾಂತರ ವರ್ಷ ಹಳೆಯ ಕಲ್ಲಿನ ಆಯುಧ ಸಿಗುತ್ತಿತ್ತು. 'ದೇವರ ಕೈ' ಅಂತ ಹೆಸರಾಗಿತ್ತು. 2000ದ ನವೆಂಬರಿನಲ್ಲಿ ಮೈನಿಚಿ ಪತ್ರಿಕೆ ಅವರ ಚಿತ್ರಗಳನ್ನು ಅಚ್ಚು ಹಾಕಿತು: ಬೆಳಗಿನ ಜಾವ ಒಬ್ಬರೇ ಬಂದು ಗುಂಡಿಯಲ್ಲಿ ಕಲ್ಲು ಹೂಳುತ್ತಿದ್ದರು. ಶಾಲೆಯ ಪಠ್ಯಪುಸ್ತಕಗಳನ್ನೇ ತಿದ್ದಬೇಕಾಯಿತು.

ಇಂಗ್ಲೆಂಡಿನ ಪಿಲ್ಟ್‌ಡೌನ್ ತಲೆಬುರುಡೆ ಆದಿಮಾನವನದ್ದು ಅಂತ 1912ರಿಂದ 1953ರವರೆಗೆ, 41 ವರ್ಷ ನಿಂತಿತು. ಮನುಷ್ಯನ ಬುರುಡೆಗೆ ಒರಾಂಗುಟಾನಿನ ದವಡೆ, ಹಲ್ಲಿಗೆ ಅರ ಹಾಕಿ ಸವೆಸಿ, ಬಣ್ಣ ಬಳಿದು ಹೂತಿದ್ದರು. ಮಣ್ಣಲ್ಲಿದ್ದ ಮೂಳೆ ಕಾಲ ಕಳೆದಂತೆ ಫ್ಲೋರಿನ್ ಹೀರಿಕೊಳ್ಳುತ್ತದೆ. ಅದನ್ನು ಅಳೆದಾಗ, ಹೇಳಿದಷ್ಟು ಹಳೇದಲ್ಲ ಅಂತ ಗೊತ್ತಾಗಿ ಕತೆ ಬಿರುಕು ಬಿಟ್ಟಿತು.

ಹವ್ಯಾಸಿಗಳ ನಡುವೆ ಇಂಥ ದೊಡ್ಡ ಮೋಸ ಅಪರೂಪ. ಹೊಸಬರಿಗೆ ಖುಷಿ ಆಗಲಿ ಅಂತ ಗೆಳೆಯರೇ ಒಂದು ಬಿಲ್ಲೆ ಹೂತಿಟ್ಟದ್ದನ್ನು ಮಾತ್ರ ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ.

ನಕಲಿ ಅಂದದ್ದು ಆಮೇಲೆ ಅಸಲಿ ಅಂತ ಆದ್ರೆ?

ಆಗಿದೆ, ಅದೂ ಘೋರವಾಗಿ. ಸ್ಪೇನಿನ ಆಲ್ಟಮಿರಾ ಗುಹೆಯ ಚಾವಣಿಯಲ್ಲಿ ಕಾಡೆಮ್ಮೆಗಳ ಚಿತ್ರ ಇದೆ ಅಂತ ಸೌತುವೊಲಾ 1879ರಲ್ಲಿ ಕಂಡರು. ಮೊದಲು ತಲೆ ಎತ್ತಿ ನೋಡಿದ್ದು ಅವರ ಪುಟ್ಟ ಮಗಳು. ಆದಿಮಾನವ ಇಷ್ಟು ಚೆನ್ನಾಗಿ ಬಿಡಿಸಲಾರ, ಯಾರೋ ಈಗ ಬರೆದದ್ದು ಅಂತ ವಿದ್ವಾಂಸರು ತಳ್ಳಿಹಾಕಿದರು. ಸೌತುವೊಲಾ 1888ರಲ್ಲಿ ತೀರಿಕೊಂಡರು. ಬೇರೆ ಗುಹೆಗಳಲ್ಲೂ ಅಂಥ ಚಿತ್ರಗಳು ಸಿಕ್ಕಿದ ಮೇಲೆ, 1902ರಲ್ಲಿ ಹಾಗೆ ತಳ್ಳಿಹಾಕಿದವರಲ್ಲೊಬ್ಬರಾದ ಫ್ರಾನ್ಸಿನ ಕಾರ್ತೈಲಾಕ್ ತನ್ನದು ತಪ್ಪಾಯಿತು ಅಂತ ಅಚ್ಚಿನಲ್ಲೇ ಒಪ್ಪಿಕೊಂಡರು. ಕೇಳಲು ಸೌತುವೊಲಾ ಇರಲಿಲ್ಲ.

ಆ ವಿದ್ವಾಂಸರ ತಪ್ಪು ಅನುಮಾನ ಪಟ್ಟದ್ದಲ್ಲ. "ಇಷ್ಟು ಚೆನ್ನಾಗಿರೋದು ಅಸಲಿ ಆಗಿರಲಾರದು" ಅನ್ನುವುದನ್ನೇ ಸಾಕ್ಷಿ ಮಾಡಿಕೊಂಡದ್ದು.

ಗೆಳೆಯರು ಖುಷಿಯಾಗಿ ತೋರಿಸ್ತಾರೆ. ನಕಲಿ ಅಂತ ಹೇಗೆ ಹೇಳೋದು?

ತೀರ್ಪು ಕೊಡಬೇಡಿ, ಕಂಡದ್ದು ಹೇಳಿ. "ಇದು ಡೂಪ್ಲಿಕೇಟ್ ಕಣ್ರೀ" ಅಂದರೆ ಅಲ್ಲಿಗೆ ಮಾತು ಮುಗಿಯಿತು, ಜಗಳ ಶುರುವಾಯಿತು. "ಅಂಚಿನಲ್ಲಿ ಒಂದು ಗೆರೆ ಕಾಣ್ತಿದೆ, ತೂಕ ಎಷ್ಟಿದೆ ನೋಡ್ತೀರಾ?" ಅಂದರೆ ಅವರೂ ನಿಮ್ಮ ಜೊತೆ ನೋಡಲು ಕೂರುತ್ತಾರೆ. ಕೊಂಡವರಿಗೂ ಸಿಕ್ಕಿದವರಿಗೂ ವ್ಯತ್ಯಾಸ ಇದೆ. ದುಡ್ಡು ಕೊಟ್ಟವರಿಗೆ ಬೇಗ ಹೇಳಿ, ವಾಪಸು ಕೊಡಲು ಗಡುವು ಇರಬಹುದು. ಸುಮ್ನೆ ಸಿಕ್ಕಿದವರಿಗೆ ನಿಧಾನ ಹೇಳಿದರೂ ನಡೆಯುತ್ತದೆ. ನಾಲ್ಕು ಜನರ ಎದುರು ಬೇಡ.

ಅಸಲಿನೇ ಅನ್ನಿಸ್ತಿದೆ. ಈಗ?

ಮೊದಲು ಅಗೆಯೋದು ನಿಲ್ಲಿಸಿ. ಜಾಗದ ಫೋಟೋ ತೆಗೆಯಿರಿ, ಎಷ್ಟು ಆಳ ಅಂತ ಬರೆಯಿರಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ 1996ರ ಕಾಯ್ದೆಯ ಪ್ರಕಾರ ನಿಧಿ ಅನ್ನಿಸಿದ್ದನ್ನು 14 ದಿನದೊಳಗೆ ತಿಳಿಸಬೇಕು. ಭಾರತದಲ್ಲಿ ನಿಧಿಗೆ 1878ರ ಕಾಯ್ದೆ, ಪ್ರಾಚೀನ ವಸ್ತುಗಳಿಗೆ 1972ರ ಕಾಯ್ದೆ ಇವೆ. ಸಿಕ್ಕಿದ್ದೆಲ್ಲ ಸಿಕ್ಕಿದವರದ್ದೇ ಅನ್ನುವ ನಿಯಮ ಎಲ್ಲ ಕಡೆ ಇಲ್ಲ. ಹಾಗಾಗಿ ಮಾರುವ, ದೇಶ ದಾಟಿಸುವ ಯೋಚನೆಗೆ ಮೊದಲು ಅಲ್ಲಿನ ಪುರಾತತ್ವ ಇಲಾಖೆಯನ್ನು ಕೇಳಿ.

ಸಿಕ್ಕಿದ್ದು ಗುಂಡು, ಶೆಲ್, ಗ್ರೆನೇಡ್ ತರಹ ಇದ್ದರೆ ಅಸಲಿ ನಕಲಿ ಪರೀಕ್ಷೆ ಮಾಡಲೇಬೇಡಿ. ಮುಟ್ಟದೆ ದೂರ ಬಂದು ಪೊಲೀಸರಿಗೆ ಹೇಳಿ. ನೂರು ವರ್ಷ ಹಳೆಯ ಶೆಲ್ಲುಗಳೂ ಸಿಡಿದು ಜನ ಸತ್ತಿದ್ದಾರೆ.

ಎಲ್ಲಾ ನೋಡಿದೆ, ಆದ್ರೂ ಗೊತ್ತಾಗ್ಲಿಲ್ಲ. ನಕಲಿ ಇರಬಹುದು. ಎಸೆದುಬಿಡ್ಲಾ?

ಎಸೆಯಬೇಡಿ. ಅಸಲಿ ಅಂತ ಮಾರಬೇಡಿ, ಯಾರಿಗಾದರೂ ಕೊಟ್ಟರೂ ಅನುಮಾನ ಇದೆ ಅಂತ ಹೇಳಿ ಕೊಡಿ. ನಕಲಿ ಅಂತ ಖಚಿತ ಆದದ್ದು ಒಂದು ಹತ್ತಿರ ಇದ್ದರೆ ಮುಂದಿನದನ್ನು ಅದರ ಪಕ್ಕ ಇಟ್ಟು ನೋಡಬಹುದು. ನಾನು ಎರಕದ ಗುಳ್ಳೆ ಗುರುತಿಸಲು ಕಲಿತದ್ದು ಹೀಗೆ ಉಳಿದ ಎರಡು ಕೆಟ್ಟ ನಾಣ್ಯಗಳಿಂದ.

ಒಂದೊಂದನ್ನೂ ಬೇರೆ ಬೇರೆ ಕವರಿನಲ್ಲಿಟ್ಟು ಒಳಗೊಂದು ಚೀಟಿ ಹಾಕಿ. ಕಂಡದ್ದು ಒಂದು ಕಡೆ, ಅಂದುಕೊಂಡದ್ದು ಇನ್ನೊಂದು ಕಡೆ ಬರೆಯಿರಿ, ಬೆರೆಸಬೇಡಿ. ಪೆನ್ಸಿಲಿನಲ್ಲಿ ಬರೆದರೆ ಒಳ್ಳೆಯದು. ನನ್ನ ಡಬ್ಬಿಯಲ್ಲಿರುವ ಒಂದು ಚೀಟಿ ಹೀಗಿದೆ: "ಹಿತ್ತಾಳೆ ಗುಂಡಿ. 14.2 ಗ್ರಾಂ, 27 ಮಿ.ಮೀ. ಹೊಳೆ ದಂಡೆ, ಮರಳಿನ ಮೇಲೆ. ಹಿಂದೆ ಕೊಂಡಿ ಬೆಸೆದ ಗುರುತು. ಸೈನ್ಯದ್ದು ಅಂದುಕೊಂಡಿದ್ದೆ. ಬ್ಯಾಂಡಿನವರ ಕೋಟಿನದ್ದು ಇರಬೇಕು. ಕೊಂಡಿ ನೋಡಿ ಹೇಳುವವರು ಸಿಕ್ಕರೆ ಕೇಳಬೇಕು."